ಒಂಟೆಯುಣ್ಣೆಯ ಕಾಲುಚೀಲ

ದುಲ್ಮಾ ಅವರೇ,
ಅಜ್ಜಿ ಅನ್ನಬೇಕೋ ಅಕ್ಕ ಅನ್ನಬೇಕೋ ತಿಳಿಯದೆ
ಎರಡು ಹಾಳೆ ಹರಿದೆ.
ನಿಮ್ಮ ಚೀಟಿಯಲ್ಲಿ ವಯಸ್ಸಿಲ್ಲ, ವಿಳಾಸವಿಲ್ಲ,
ಉವ್ಸ್ ಎಂದು ಪ್ರಾಂತ್ಯದ ಹೆಸರು, ಅದರ ಕೆಳಗೆ
'ಯಾರ ಕಾಲಿಗಾದರೆ ಅವರದು.
ರಾತ್ರಿ ಕಾವಲಿಗೆ ಬೆಚ್ಚಗಿರಲಿ.'

ಸರ್ಕಾರಿ ಪತ್ರ ಬೇರೆ ಬರುತ್ತದೆ, ಮೊಹರು ಸಮೇತ.
ನಮ್ಮ ಲೆಫ್ಟಿನೆಂಟರು ಅದರಲ್ಲಿ
'ಹೃತ್ಪೂರ್ವಕ' ಎಂದು ಎರಡು ಸಲ ಬರೆದಿದ್ದಾರೆ.
ಇದು ಅದಲ್ಲ.

ಬೇಜಾರು ಮಾಡಿಕೊಳ್ಳಬೇಡಿ,
ಇಲ್ಲಿ, ಈ ದಕ್ಷಿಣ ಸುಡಾನಿನಲ್ಲಿ,
ರಾತ್ರಿಯ ಕಾವಲೆಂದರೆ
ಒಲೆ ಆರಿದ ಮೇಲೂ ಮುಟ್ಟಲಾಗದ ಕಾವಲಿ.
ಹಗಲಿನ ಮಾತು ಬಿಡಿ.
ಬೂಟು ಕಳಚಿದರೆ ಪಾದ
ಬೆಂದು ಸಿಪ್ಪೆ ಸುಲಿದ ಆಲೂಗೆಡ್ಡೆ.

ಪೆಟ್ಟಿಗೆ ಒಡೆದ ದಿನ
ಇಡೀ ಪ್ಲಟೂನು ಬಿದ್ದು ಬಿದ್ದು ನಕ್ಕಿತು.
ಇಪ್ಪತ್ತೆಂಟು ಜೋಡಿ, ಒಂಟೆಯುಣ್ಣೆ!
ಬಾತ್‌ಸುಖ್ ಒಂದನ್ನು ಮುಂಗೈಗೆ ತೊಟ್ಟು
ಬಾಯಿ ಆಡಿಸಿ ಕೇಳಿದ:
'ಅಣ್ಣಾ, ಇಲ್ಲಿ ಹಿಮ ಬೀಳುವುದು ಎಷ್ಟು ಗಂಟೆಗೆ?'
ನಾನೂ ನಕ್ಕೆ. ಅದನ್ನು ಒಪ್ಪಿಕೊಳ್ಳಬೇಕು.

ಆಮೇಲೆ ಮೂಸಿ ನೋಡಿದೆ.
ಬೆರಣಿ ಹೊಗೆ. ಉಪ್ಪು ಹಾಕಿದ ಹಾಲುಚಹಾ.
ಕಂಬಳಿ ಗುಡಾರದೊಳಗೆ
ದೀಪದ ಹತ್ತಿರಕ್ಕೆ ಸರಿದು ಕೂತವರ ಮೈವಾಸನೆ.
ಬಾತ್‌ಸುಖ್‌ನ ಕೈಯಲ್ಲಿದ್ದ ಬೊಂಬೆ ಸುಮ್ಮನಾಯಿತು.

ಗೇಟಿನ ಬಳಿ ಬೆಂಡೆ ಮಾರುವ ನ್ಯಾಗೋವಾ
ಮಂಗೋಲರ ಈ ಪಾಡು ನೋಡಿ
ಒಂದು ಕಾಲುಚೀಲ ಕಸಿದುಕೊಂಡಳು,
ನೀರಲ್ಲಿ ಅದ್ದಿದಳು, ಬಾಟಲಿಯನ್ನು ಒಳಗೆ ತೂರಿಸಿ
ನೆರಳಿಗೆ, ಗಾಳಿಗೆ, ತಂತಿಗೆ ನೇತುಹಾಕಿದಳು.
ಅರ್ಧ ಗಂಟೆ.
ಕುಡಿದೆ.
ಹಲ್ಲು ಜುಮ್ಮೆಂದಿತು ಎಂದರೆ ಸುಳ್ಳಾದೀತು.
ಆದರೆ ಆ ನೀರಿಗೆ
ತೊರೆಯೊಂದರ ನೆನಪು ಬಂದಿತ್ತು.

ಈಗ ನಮ್ಮ ಬೇಲಿಯ ಉದ್ದಕ್ಕೂ
ಇಪ್ಪತ್ತೇಳು ಜೋಡಿ ಪಾದಗಳು
ನೆಲ ಮುಟ್ಟದೆ ನಿಂತಿರುತ್ತವೆ, ತೊಟ್ಟಿಕ್ಕುತ್ತಾ.
ಕಾಲು ಬೆಚ್ಚಗಿರಲಿ ಎಂದಿರಿ.
ಹೊಟ್ಟೆ ತಣ್ಣಗಾಯಿತು.
ನಿಮ್ಮದೂ ತಣ್ಣಗಿರಲಿ.

ಇನ್ನೊಂದು.
ಇಲ್ಲಿ ನೆರೆಯ ನೀರು ಇಳಿದೇ ಇಲ್ಲ, ಗುಡಿಸಲುಗಳಿಗಿಂತ ಎತ್ತರ ನಿಂತಿದೆ.
ನಡುವೆ ಮಣ್ಣಿನ ಒಡ್ಡು, ಅದರ ಮೇಲೆ ನಮ್ಮ ನಡಿಗೆ.
ಹೋದ ತಿಂಗಳು ಆ ಒಡ್ಡಿನ ಮೇಲೆ
ಒಬ್ಬ ತಾಯಿ ಕತ್ತಲಿಂದ ಎದ್ದು ಬಂದಳು.
ಹೆಗಲ ಮೇಲಿನ ಮಗು ಕೆಂಡ.
ಆಂಬುಲೆನ್ಸ್ ಕೆಸರಲ್ಲಿ ಹೂತಿತ್ತು.
ನನ್ನ ಹತ್ತಿರ ಬಂದೂಕಿತ್ತು, ಟಾರ್ಚಿತ್ತು,
ಬಾಟಲಿಗೆ ತೊಡಿಸಿದ ನಿಮ್ಮ ಒದ್ದೆ ಕಾಲುಚೀಲವಿತ್ತು.
ಮೊದಲ ಎರಡರಿಂದ ಏನೂ ಉಪಯೋಗವಿರಲಿಲ್ಲ.
ಹಣೆಗೆ ಹಾಕಿ, ಹಿಂಡಿ, ಮತ್ತೆ ಹಾಕಿ,
ಹೀಗೇ ಬೆಳಕಾಯಿತು.
ಹೆಲಿಕಾಪ್ಟರ್ ಅವನನ್ನು ಎತ್ತಿಕೊಂಡು ಹೋಯಿತು,
ಕಾಲುಚೀಲವನ್ನೂ.
ಬದುಕಿದನೋ ಇಲ್ಲವೋ, ಯಾರೂ ಹೇಳಿಲ್ಲ.
ಹೇಳಿದ್ದರೆ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ.

ನನಗೆ ಹಿಂದೆ ಮುಂದೆ ಯಾರಿಲ್ಲ.
ಹೊರಟ ದಿನ ವಿಮಾನ ನಿಲ್ದಾಣದ ಬೇಲಿಯಾಚೆ
ಯಾರದೋ ತಾಯಿ ಮರದ ಸೌಟಿನಿಂದ
ಮಗನ ಹಾದಿಗೆ ಹಾಲು ಚಿಮುಕಿಸುತ್ತಿದ್ದಳು.
ಗಾಳಿ ತಿರುಗಿ ಒಂದು ಹನಿ ನನ್ನ ತೋಳಿಗೆ ಬಿತ್ತು.
ನನ್ನದಲ್ಲ ಅದು, ಗೊತ್ತು.
ಒರೆಸಿಕೊಳ್ಳಲಿಲ್ಲ.

ಒಂದು ಜೋಡಿಯನ್ನು ಮಾತ್ರ ನೆನೆಸದೆ
ದಿಂಬಿನ ಕೆಳಗಿಟ್ಟಿದ್ದೇನೆ.
ಎಡಗಾಲಿನದರಲ್ಲಿ, ಹಿಮ್ಮಡಿಯ ಹತ್ತಿರ
ಕಂದು ನೂಲು ಮುಗಿದು ನೀಲಿ ಶುರುವಾಗುತ್ತದೆ.
ಅಲ್ಲೇ ಒಂದು ಕುಣಿಕೆ ತಪ್ಪಿದೆ.
ನಿದ್ದೆ ಬಾರದಾಗ ಕಿರುಬೆರಳು ಅದರಲ್ಲಿ ತೂರಿಸಿ ಯೋಚಿಸುತ್ತೇನೆ:
ಏನಾಯಿತು ಆಗ?
ನಾಯಿ ಬೊಗಳಿತೇ, ಯಾರಾದರೂ ಬಂದರೇ,
ಹಾಲು ಉಕ್ಕಿತೇ,
ಅಥವಾ ಸುಮ್ಮನೆ, ಸೂಜಿ ಹಿಡಿದ ಕೈ ನಿಲ್ಲಿಸಿ,
ನಮ್ಮಲ್ಲಿ ಯಾರದು ಎಂದು ಗೊತ್ತಿಲ್ಲದ ಒಂದು ಕಾಲನ್ನು
ನೀವು ಒಂದು ಗಳಿಗೆ ನೋಡಿದಿರೇ?

ಸಾರ್ಜೆಂಟ್ ನ್ಯಾಮ್‌ಸುರೆನ್
(ಅಳತೆ ನಲವತ್ತೆರಡು. ಸರಿಯಾಗಿದೆ.)