ಕನ್ನಡದಲ್ಲಿ ಬರೆದ ವಹಿ

ಪರೇಲಿನ ಆಸ್ಪತ್ರೆಯ ಹಿಂದೆ, ಶವಾಗಾರದ ಗೋಡೆಗೆ ಒರಗಿ
ಒಂದು ತಗಡಿನ ಶೆಡ್ಡು.
ಹಗಲು ನಾನಲ್ಲಿ ನಾಯಿ ತೊಳೆಯುವವನು,
ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಎಂಟನೇ ಇಯತ್ತೆ.

ಮಿಲ್ಲಿನ ಭೋಂಗಾಕ್ಕೂ ಮೊದಲು ಬರುವರು ಡಾಕ್ಟರ್ ತಳಪದೆ,
ಬಗಲಲ್ಲಿ ಸಾಸೂನ್ ಡಾಕಿನ ಮಂಜುಗಡ್ಡೆ,
ಮೀನು ನಾರುವ ಗೋಣಿ.
"ಹೃದಯ ನಿಲ್ಲಿಸಬೇಕಾದರೆ ಮೊದಲು ತಣಿಸಬೇಕು ಐತಪ್ಪ,"
ಬೊಂಬಿಲ್ ಮಾರುವವರ ಹಾಗೆ ಗಡ್ಡೆ ಕುಟ್ಟುತ್ತ.

ಯಂತ್ರ ಅಂದರೆ ಏನಿತ್ತು?
ಡೇರಿಯ ಪಂಪು, ಚೋರ್ ಬಜಾರಿನ ಮೋಟರು,
ರಕ್ತ ಉಸಿರಾಡಲು ಒಂದು ಗಾಜಿನ ಕೊಳವೆ.
ಗುಳುಗುಳು ಅಂದರೆ ಬದುಕು.
ಸುಮ್ಮನಾದರೆ ನನಗೆ ಬಕೆಟ್ಟಿನ ಕೆಲಸ.

ಅವರ ವಹಿಯಲ್ಲಿ ಇಂಗ್ಲಿಷು: ಒತ್ತಡ, ನಿಮಿಷ, ತಾಪ,
ನಾಯಿ ಒಂದು, ನಾಯಿ ಎರಡು, ನಾಯಿ ಹದಿನೇಳು.
ಒಂದು ದಿನ ಕೈ ತೊಳೆಯುತ್ತ ಅಂದರು:
"ಇವಕ್ಕೆ ಹೆಸರಿಡು. ಬೇರೆ ವಹಿಯಲ್ಲಿ, ನಿನ್ನ ಭಾಷೆಯಲ್ಲಿ ಬರಿ.
ನನಗೆ ಓದಲಿಕ್ಕೆ ಬರಬಾರದು."

ಬರೆದೆ. ಕೆಂಚಿ. ಬೋಳ. ಮೂರ್ಕಾಲಿ.
ಟ್ರಾಮಿಗೆ ಸಿಕ್ಕಿ ಉಳಿದದ್ದು. ಇರಾನಿಯ ಪಾವು ಕದ್ದದ್ದು.
ನಲವತ್ತು ಹೆಸರು, ನಲವತ್ತು ಅಡ್ಡಗೀಟು.
ನಲವತ್ತೊಂದನೆಯವಳು ಸುಬ್ಬಿ
ಹೊಲಿದ ಎದೆ ನೆಕ್ಕಿಕೊಳ್ಳುತ್ತ ಎದ್ದು ನಿಂತು
ಡಾಕ್ಟರರ ಬೂಟಿನ ಮೇಲೆ ಉಚ್ಚೆ ಹೊಯ್ದಳು.
ವಾರವಿಡೀ ಆ ಬೂಟು ಒರೆಸಗೊಡಲಿಲ್ಲ ಪುಣ್ಯಾತ್ಮ.

ಮುಂದಿನದೆಲ್ಲ ಪೇಪರಿನಲ್ಲಿ ಬಂತು.
ಬಾರದ್ದು, ಮೊದಲ ಹುಡುಗಿ:
ಲಾಲ್‌ಬಾಗ್ ಚಾಳಿನ ಠಕೂ, ಒಂಬತ್ತು ವರ್ಷ, ನೇರಳೆ ಉಗುರು.
ಎದೆಯ ತೂತು ಮುಚ್ಚಿತು,
ಮೂರನೇ ರಾತ್ರಿ ಹುಡುಗಿ ಹೋದಳು.
ಪಾಳಿ ತಪ್ಪಿಸಿ ಬಂದಿದ್ದ ಅಪ್ಪ, ಕೂದಲಲ್ಲಿ ಹತ್ತಿಯ ಎಳೆ,
ಅವಳ ರಿಬ್ಬನ್ನು ಎಲ್ಲಿ ಅಂತ ಮಾತ್ರ ಕೇಳಿದ.

ಆ ರಾತ್ರಿ ಶೆಡ್ಡಿಗೆ ಬಂದು ಬೋರಲು ಬಕೆಟ್ಟಿನ ಮೇಲೆ ಕೂತರು.
ನಾನು ಚಹಾ ತಂದೆ. ಆರಿತು.
ಮರುದಿನ ಭೋಂಗಾಕ್ಕೂ ಮೊದಲು
ಅದೇ ಗೋಣಿ, ಅದೇ ಮೀನಿನ ವಾಸನೆ.

ಆಮೇಲೆ ಎಷ್ಟು ಎದೆಗಳು, ಎಷ್ಟು ಕವಾಟಗಳು,
ಯಾವ ಯಾವ ದೇಶದ ಹುಡುಗರು ಕಲಿಯಲು ಬಂದರು.
ನಿವೃತ್ತಿಯ ದಿನ ಶಾಲು, ತೆಂಗಿನಕಾಯಿ, ಭಾಷಣ ಮೂರು ತಾಸು.
ನಾನು ಕೊನೆಯ ಸಾಲಿನಲ್ಲಿ, ಫ್ಯಾನಿಲ್ಲದ ಕಡೆ.

ಹೋಗುವಾಗ ಕರೆದರು: "ವಹಿ ಇದೆಯೇ? ಓದು."
ಓದಿದೆ. ಒಂದು ಪದ ತಿಳಿಯದೆ ಕಣ್ಣು ಮುಚ್ಚಿ ಕೇಳಿದರು,
ಬೆರಳು ಮಡಿಸುತ್ತ, ಸುಬ್ಬಿಯವರೆಗೆ.
"ಠಕೂ?"
ಅದರಲ್ಲಿ ಇಲ್ಲ ಸಾಹೇಬ್, ಅಂದೆ.

ನನ್ನ ಜೇಬಿನ ಪೆನ್ನು ತೆಗೆದುಕೊಂಡರು.
ಮಸಿ ಮುಗಿದಿತ್ತು. ಆದರೂ
ಒತ್ತಿ ಒತ್ತಿ ಬರೆದರು ಮರಾಠಿಯಲ್ಲಿ, ಎರಡೇ ಅಕ್ಷರ.

ಕಣ್ಣಿಗೆ ಕಾಣುವುದಿಲ್ಲ.
ಬೆರಳಾಡಿಸಿದರೆ ಸಿಗುತ್ತದೆ.