ಮೆಸ್ಸಿಗೆ ರಾಜ

ವಾಣಿವಿಲಾಸದ ನೀರು ಎರಡು ದಿನ ಬರೋಲ್ಲವಂತೆ.
ಪೈಪು ಒಡೆದದ್ದು ಯಾವ ಪುಣ್ಯಾತ್ಮನ ಪಿಕಾಸಿಗೋ.
ಇವರು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು:
'ಈವತ್ತು ಮೆಸ್ಸಿಗೆ ರಾಜ.'
ದೀರ್ಘ ಅಳಿಸಿ ಅಂದೆ.
ಇರಲಿ ಬಿಡು ಅಂದರು, ಒಂದು ದಿನ ಅವನೂ ಬಾಳಲಿ.

ಅರವತ್ತು ತಟ್ಟೆ ಬೋರಲು ಮಲಗಿದ್ದವು.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಏಳು ಗಂಟೆಯ ಬಿಸಿಲು ಮುಖಕ್ಕೆ ಬಿತ್ತು,
ಒಲೆಯದಲ್ಲದ ಬಿಸಿ.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ
ಜನ ಬೊಜ್ಜು ಕರಗಿಸಲು ಓಡುತ್ತಿದ್ದರು.
ನಮಗೆ ನಡೆಯುವುದೇ ಮರೆತಿತ್ತು:
ಅಡುಗೆಮನೆಯಿಂದ ಪಡಸಾಲೆಗೆ ಹನ್ನೊಂದು ಹೆಜ್ಜೆ,
ಹನ್ನೊಂದಾದ ಮೇಲೆ ಕಾಲು ತಾನೇ ತಿರುಗುತ್ತಿತ್ತು.
ಹೆಜ್ಜಾರ್ಲೆಯೊಂದು ಕೊಕ್ಕಿನ ಚೀಲ ತುಂಬಿಕೊಂಡು ಕೂತಿತ್ತು.
"ನೋಡು, ಪಾರ್ಸೆಲ್" ಅಂದರು.

ನಜರಬಾದಿನಲ್ಲಿ ನಾಲ್ಕೇ ಮೇಜಿನ ಹೋಟೆಲು.
ಬಾಳೆಲೆಯ ಮೇಲೆ ದೋಸೆ, ದೋಸೆಯ ನೆತ್ತಿಗೆ ಬೆಣ್ಣೆ,
ಕರಗುತ್ತ ಕರಗುತ್ತ ಅಂಚಿಗೆ ಜಾರುವ ಬೆಣ್ಣೆ.
ಮುಟ್ಟಿದರೆ ಬೆರಳು ಸುಟ್ಟಿತು.
ನಾನು ಕೈ ಸುಟ್ಟುಕೊಳ್ಳದ ದಿನವಿಲ್ಲ,
ತಿನ್ನುವಾಗ ಸುಟ್ಟುಕೊಂಡದ್ದು ಮಾತ್ರ ನೆನಪಿಲ್ಲ.
ನನ್ನ ಪಾಲಿನ ದೋಸೆ ಯಾವತ್ತೂ
ಮೂರು ಗಂಟೆಯದು, ಚಕ್ಕಳದಂಥದ್ದು.
ಸಾಗು ಬಾಯಿಗಿಟ್ಟು, ಕಾಯಿ ಒಂದು ಹಿಡಿ ಕಮ್ಮಿ ಅನ್ನಲು ತಿರುಗಿದರೆ
ಇವರು ಆಗಲೇ ಎದ್ದು ಪಕ್ಕದವರ ಎಲೆ ಎತ್ತುತ್ತಿದ್ದಾರೆ!
ಮಾಣಿಗೆ ಗಾಬರಿ. ಇಡೀ ಹೋಟೆಲು ಗೊಳ್.
ಎಂಜಲೆಲೆ ಹಿಡಿದು ನಿಂತ ಗಂಡನ ಮುಖ
ಮದುವೆಯ ಫೋಟೋದಲ್ಲಿ ಇದ್ದ ಹಾಗೇ ಇತ್ತು.

ದೇವರಾಜ ಮಾರ್ಕೆಟ್ಟು.
"ಅಕ್ಕಾ, ಹುರುಳಿಕಾಯಿ ಐದು ಕೇಜಿನಾ?"
"ಬದನೆ ಬಂದದೆ, ಈರನಗೆರೆದು, ಬನ್ನಿ!"
ಕೈ ತಾನೇ ಹೋಗಿ ತೊಟ್ಟು ಮುಟ್ಟಿತು. ಎಳೆಯದೇ.
ಕೈಗೆ ಬುದ್ಧಿ ಹೇಳಿ ಹೂವಿನ ಸಾಲಿಗೆ ನಡೆದೆ.
ಹೊಂಬಾಳಮ್ಮ ಮೊಳ ಹಾಕುವಾಗ
ಮೊಣಕೈ ಮುಂದಕ್ಕೆ ಸರಿಸುವುದು ನನಗೆ ಗೊತ್ತು.
"ಯಾರಿಗಕ್ಕಾ ಮಲ್ಲಿಗೆ, ದೇವರ ಫೋಟೋಗಾ?"
ನನಗೇ ಅಂದೆ.
ಬಿಚ್ಚಿ, ಮೊಣಕೈ ಹಿಂದಕ್ಕೆಳೆದು ಮತ್ತೆ ಅಳೆದಳು.

ನಮ್ಮ ಮೆಸ್ಸಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ,
ಕಟ್ಟಡದ ಓನರು ಕಟ್ಟುನಿಟ್ಟು.
ಮಧ್ಯಾಹ್ನ ಮಂಡಿ ಮೊಹಲ್ಲಾದ ಸಂದಿಯಲ್ಲಿ
ಮಟನ್ ಪಲಾವಿನ ಮುಂದೆ ಕೂತೆವು,
ಸ್ಕೂಲು ತಪ್ಪಿಸಿ ಬಂದ ಹುಡುಗರ ಹಾಗೆ.
ಮೂಳೆ ಕುಟ್ಟಿ, ಮಜ್ಜೆ ಹೀರಿ ಇವರು ಕಣ್ಣು ಮುಚ್ಚಿದರು.
ಯಾರೂ "ಅಂಕಲ್, ಸಾರು" ಅನ್ನಲಿಲ್ಲ.

ಚೆಲುವಾಂಬ ಪಾರ್ಕಿನ ಕಲ್ಲುಬೆಂಚಿನಲ್ಲಿ
ಮಾತಾಡೋಣವೆಂದು ಕೂತರೆ ಮಾತೇ ಬರಲಿಲ್ಲ.
ಅಕ್ಕಿ, ಸಿಲಿಂಡರು, ಬಾಕಿ ಇಟ್ಟು ಹೋದ ಶಿರಸಿಯ ಹುಡುಗ,
ಇವನ್ನೆಲ್ಲ ಬಿಟ್ಟು
ಏನು ಆಡಿಕೊಳ್ಳುತ್ತಿದ್ದೆವು ನಾವು, ಮೊದಮೊದಲು?
ಯೋಚಿಸುತ್ತಲೇ ಇವರಿಗೆ ನಿದ್ದೆ ಹತ್ತಿತು,
ನಾನು ಕಳಚಿಟ್ಟ ಚಪ್ಪಲಿಯನ್ನು
ನಾಯಿ ಒಯ್ಯದ ಹಾಗೆ ಕಾಲಲ್ಲಿ ಒತ್ತಿಕೊಂಡು.
ಎಬ್ಬಿಸಲಿಲ್ಲ. ಮುಡಿದ ಹೂವು ಬಾಡುವವರೆಗೂ.

ದೊಡ್ಡ ಗಡಿಯಾರದ ಕನ್ನಡ ಅಂಕಿಯಲ್ಲಿ ಏಳಕ್ಕೆ ಹತ್ತು.
ಅರಮನೆಯ ದೀಪ ನೋಡಿಕೊಂಡೇ ಹೋಗೋಣ ಅಂದರು.
ಕಾಲು ನೋಯುತ್ತೆ ಅಂದೆ. ಚುರುಮುರಿ ಕೊಡಿಸಿದರು.
ಪೊಟ್ಟಣ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದೆವು;
ಎದುರು ಬರುವವರ ಮುಖವೆಲ್ಲ
ಒಮ್ಮೆಗೇ ಹೊಂಬಣ್ಣವಾದಾಗ ಗೊತ್ತಾಯಿತು,
ಬೆನ್ನ ಹಿಂದೆ ದೀಪ ಹತ್ತಿದ್ದು.

ಮೆಸ್ಸಿನ ಮೆಟ್ಟಿಲ ಮೇಲೆ
ಕಲಬುರಗಿಯ ಹುಡುಗ ಬನ್ನು ಹಿಡಿದು ಕೂತಿದ್ದ.
"ಆಂಟಿ, ಮೆಸ್ಸಿಗೆ ರಾಜ ಅಂದ್ರೇನು?"

ಡ್ರಮ್ಮಿನ ತಳದಲ್ಲಿ ನಾಲ್ಕು ಚೊಂಬು ನೀರಿತ್ತು.
ಬಡಿಸಿ ಮಾತ್ರ ಗೊತ್ತಿದ್ದ ಇವರು
ತೋಳು ಮಡಿಸಿಕೊಂಡು ಒಳಗೆ ಹೋದರು.
"ಸಾಸಿವೆ ಯಾವ ಡಬ್ಬಿ?"
ಹಸಿರು ಮುಚ್ಚಳದ್ದು.
"ರವೆ?"
ಅದರ ಹಿಂದೆ.
"ಎಷ್ಟು ಹುರೀಬೇಕು?"
ಘಮ ಬರೋವರೆಗೆ ಅಂದೆ,
ಕುರ್ಚಿಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು.

ಸೀದ ವಾಸನೆ ಬಂತು.
ನಾನು ಏಳಲಿಲ್ಲ.