ಕಳೆದ ಮೇಲೆ

ಕೋಯಿಪ್ಪಾಡಿ ಕಡಪ್ಪುರ. ಅಕ್ಟೋಬರ, ಊಟ ಮುಗಿದ ಹೊತ್ತು.
ತಮ್ಮಲೆ ಬಲೆಯ ರಾಶಿಯ ಮೇಲೆ,
ನಾನು ಮಗುಚಿದ ದೋಣಿಗೆ ಒರಗಿ.
"ಎಂತ ಕೆಲಸ ಮಾರಾಯ್ತಿ ನಿನ್ನದು, ಒಂದು ಸಲ ಸರಿ ಹೇಳು."

ಹೇಳಿದೆ:
ಒಂದು ಗುಚ್ಛ. ಲಕ್ಷಗಟ್ಟಲೆ ಮುದಿ ನಕ್ಷತ್ರ,
ಬಲೆಗೆ ಬಿದ್ದ ಬೂತಾಯಿಯ ಹಾಗೆ ಒತ್ತೊತ್ತು.
ಅದರ ಎಕ್ಸ್‌ರೇ ಚಿತ್ರದಲ್ಲಿ
ಹೊಳೆಯುವ ಒಂದೊಂದು ಚುಕ್ಕಿಗೂ ಸುತ್ತು ಹಾಕಿ ತೆಗೆಯುತ್ತೇನೆ.
ಎಲ್ಲ ಕಳೆದ ಮೇಲೂ
ಒಂದು ಬದಿಗೆ ಮಸುಕು ಉಳಿಯುತ್ತದೆ.
ಯಾರದ್ದು ಅದು? ಮೂರು ವರ್ಷದಿಂದ ಇದೇ.

"ಇಷ್ಟೆಯೋ." ಕೈ ಚಾಚಿದರು ಕಡಲಿಗೆ.
"ಅದು ಮೊಯ್ದುವಿನ ಬೋಟು." ಹೆಬ್ಬೆರಳಿನಿಂದ ಮುಚ್ಚಿದರು.
"ಅದು ವಾಮನನದ್ದು, ಬ್ಯಾಟರಿ ಇಳಿದಿದೆ, ಮಿಣುಕು ನೋಡು."
ಮುಚ್ಚಿದರು.
"ಅದು ಮಲ್ಪೆಯವರು. ಇಲ್ಲಿ ಅವರಿಗೆಂತ ಕೆಲಸ?"
ಬೆರಳು ಮುಗಿದವು, ನನ್ನವೂ.
ಸಂದಿಯಲ್ಲಿ ಕಡಲಂಚು ಇನ್ನೂ ಬೆಳ್ಳಗೆ.

ಎಣಿಕೆಗೆ ಸಿಗದ ಸಣ್ಣ ದೋಣಿಗಳ ಸಂತೆಯಿರಬಹುದು,
ಲಾಟೀನಿನಷ್ಟೂ ಬಲವಿಲ್ಲದವು. ಇದು ನನ್ನ ಗೈಡಿನ ಊಹೆ.
ಅಥವಾ ತೀರಾ ಹಿಂದೆ, ಅಂಚಿನ ಆಚೆ,
ನಮ್ಮವರ ಗುರುತೇ ಇಲ್ಲದ ದೊಡ್ಡ ಹಡಗೊಂದು
ಸುಮ್ಮನೆ ದಾಟುತ್ತಿರಬಹುದು.
ಈ ಊಹೆಗೆ ನನಗೆ ರಾತ್ರಿ ಎಚ್ಚರವಾಗುತ್ತದೆ.
ಹಾಗಾದರೆ ಮೂರು ವರ್ಷ
ಬೇರೆಯವರ ಬೆಳಕಿಗೆ ನಾನು ಹೆಸರಿಟ್ಟದ್ದು.

"ನಿಂತಿದೆಯೋ ಓಡುತ್ತಿದೆಯೋ, ನಿನ್ನ ಗುಚ್ಛ?"
ಓಡುತ್ತಿದೆ.
"ಬರೇ ಬಯಲಿನಲ್ಲಿಯೋ?"
ಇಲ್ಲ. ತೆಳ್ಳಗೆ, ತುಂಬ ತೆಳ್ಳಗೆ, ಎಂತದೋ ಅನಿಲ ಉಂಟು ದಾರಿಯಲ್ಲಿ.
"ಮಸುಕು ಮೂತಿಯ ಬದಿಗೋ, ಬಾಲದ ಬದಿಗೋ?"

ಬಾಯಿ ಕಟ್ಟಿತು ನನಗೆ.

ಅವರು ಹುಟ್ಟು ಹಿಡಿದು ಮೊಣಕಾಲ ನೀರಿಗೆ ಇಳಿದರು.
ಆ ರಾತ್ರಿ ಕವರು ಎದ್ದಿತ್ತು.
ಹುಟ್ಟು ಸೀಳಿದಲ್ಲಿ ಮಾತ್ರ
ನೀಲಿ, ಬಿಸಿಯಿಲ್ಲದ ಬೆಂಕಿ,
ಮರದ ಅಂಚಿಗಿಂತ ಒಂದು ಕೂದಲು ಮುಂದೆ.
"ಹುಟ್ಟಿಗೆ ದೀಪ ಉಂಟಾ?
ನಿಂತ ನೀರಿಗೆ ಉಂಟಾ?"
ಮತ್ತೆ ಮಾತಾಡಲಿಲ್ಲ. ಮುಂಡಿನ ಮಡಿಕೆಯ ಬೀಡಿ ಒದ್ದೆಯಾಗಿತ್ತು,
ಅದರ ಚಿಂತೆ.

ಆ ಗುಚ್ಛ ನಮ್ಮೂರಿಗೂ ಏಳುತ್ತದೆ,
ತೆಂಕಣಕ್ಕೆ, ಬರೇ ಮೂರು ಬೆರಳು,
ಕಾಸರಗೋಡು ಪೇಟೆಯ ದೀಪಗಳ ಮೇಲೆ.
ನಾನು ಕಂಡದ್ದಿಲ್ಲ.
ಇವತ್ತೂ ನೋಡಿದೆ, ಪೇಟೆಗೆ ಅಂಗೈ ಅಡ್ಡ ಹಿಡಿದು.
ಅಂಗೈ ಸುತ್ತ ಮಂಜು.
ಯಾರದ್ದೋ.